ಜಾಗ ಬದಲಿಸಿದ ‘ನ್ನ’

ನವೆಂಬರ್ ೧೭, ೨೦೦೦, ಶುಕ್ರವಾರ

ನಾಳೆ ಇಲ್ಲೇ ಪಕ್ಕದ ನೆವಾರ್ಕ್‌ನಲ್ಲಿ ಕನ್ನಡ ಕೂಟದವರಿಗೆ ನಾವೇ ಗೆಳೆಯರು ಸೇರಿ ತೆಗೆದ ಸೇಡಿನ ಸಿನಿಮಾ ತೋರಿಸಬೇಕು. ಫೈಟು ಡ್ಯಾನ್ಸಿನ ಹಾಗಿದೆ. ವಿಲನ್ನಿನ ಅಡ್ಡೆ ರೆಡ್‌ವುಡ್ ಸಿಟಿಯಲ್ಲಿ ಮುಚ್ಚಿಹೋದ ಯಾವುದೋ ಸ್ಟಾರ್ಟಪ್ಪಿನ ಆಫೀಸು ಅಂತ ಮಕ್ಕಳಿಗೂ ಗೊತ್ತಾಗುತ್ತದೆ. ಅದನ್ನೆಲ್ಲ ಒಪ್ಪಿಕೊಂಡಿದ್ದೆ.

ಸಂಜೆ ಟೇಪು ನೋಡುತ್ತಾ ಹೆಂಡತಿ ಬಿಂದು ತಟ್ಟನೆ ಕೇಳಿದಳು: “ರೀ, ಪಾಪು ಏನಂದ್ಲು? ಯಾರು ಯಾರನ್ನ ಕೊಂದಿದ್ದು?”

ಆ ಸೀನಿನಲ್ಲಿ ಹೀರೋ ವಿಲನ್ನನ್ನು ಕುರ್ಚಿಗೆ ಕಟ್ಟಿದ್ದಾನೆ. ಹೀರೋನ ತಂಗಿಯಾಗಿರುವ ನಮ್ಮ ಮಗಳು ಶ್ರಾವಣಿ ವಿಲನ್ನಿನತ್ತ ಕೈ ತೋರಿಸಿ “ಇವ್ರಣ್ಣ ನಮ್ಮಪ್ಪನ್ನ ಕೊಂದ್ರು” ಅನ್ನಬೇಕು. ಅಂದಿರುವುದು “ಇವ್ರಣ್ಣನ್ನ ನಮ್ಮಪ್ಪ ಕೊಂದ್ರು.” ಒಂದು ‘ನ್ನ’ ಜಾಗ ಬದಲಿಸಿ ಕೊಲೆಗಾರನೇ ಬದಲಾಗಿದ್ದಾನೆ. ಶೂಟಿಂಗಿನಲ್ಲಿ ನಾವ್ಯಾರೂ ಕೇಳಿಸಿಕೊಂಡಿಲ್ಲ.

“ಐ ಸೆಡ್ ಇಟ್ ರೈಟ್, ಅಪ್ಪಾ” ಅಂತ ಅವಳ ಹಠ.

ಬೆಳಿಗ್ಗೆ ಮತ್ತೆ ಹೇಳಿಸಿ ಸೇರಿಸೋಣ ಅಂದುಕೊಂಡೆ. ಎಲ್ಲರೂ ಮಲಗಿದ ಮೇಲೆ ಒಬ್ಬನೇ ಇನ್ನೊಮ್ಮೆ ನೋಡಿದೆ. ಆ ಮಾತಿಗೆ ವಿಲನ್ ಲೋಕೇಶ ಗೋಳೋ ಎಂದು ಅಳುತ್ತಾನೆ. ಅತಿಯಾಯಿತು ಅಂತ ಅವನನ್ನು ಎಷ್ಟು ಬೈದಿದ್ದೆ. ಈಗ ಅದು ಅಣ್ಣನನ್ನು ಕಳೆದುಕೊಂಡವನ ಅಳು. ಇಡೀ ಸಿನಿಮಾದಲ್ಲಿ ಎದೆಗೆ ತಟ್ಟಿದ್ದು ಅದೊಂದೇ.

ತಿದ್ದುವುದಿಲ್ಲ. ಆದರೆ ನಾಳೆ ಯಾರಾದರೂ ಬಂದು ಕೈ ಕುಲುಕಿ, “ಆ ಒಂದು ಮಾತು ಹೆಂಗ್ರೀ ಹೊಳೀತು ನಿಮಗೆ?” ಅಂದುಬಿಟ್ಟರೆ, ಪಾಪು ತಪ್ಪಾಗಿ ಅಂದದ್ದು ಅಂತ ಹೇಳಬೇಕೋ, ಹೊಗಳಿಕೆ ಜೇಬಿಗಿಳಿಸಬೇಕೋ?