ಗೋಡೆಯೊಳಗಿನ ಹಳ್ಳ

ನನ್ನ ಮುದ್ದಿನ ಮಾಮಿಗೆ,

ಸಿಟ್ಟು ಇಳಿಯಿತೇ? ಇಳಿಯದಿದ್ದರೂ ಈ ಕಾಗದವನ್ನು ಒಲೆಗೆ ಹಾಕುವ ಮೊದಲು ಪಕ್ಕದ ಮನೆಯ ನಿವೇತಾಳಿಂದ ಒಮ್ಮೆ ಓದಿಸಿ ಕೇಳಿ. ನಿಮ್ಮ ಮಗ ರಾಜೇಶ್‌ಕುಮಾರನ ಬಾಯಿಗೆ ಬೀಗವಿಲ್ಲ. ಅದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು!

ನನ್ನ ಬಾಣಂತನಕ್ಕೆಂದು ಕೋತಗಿರಿಯ ಹಟ್ಟಿ ಬಿಟ್ಟು ಕೊಯಮತ್ತೂರಿಗೆ ಇಳಿದು ಬಂದಿರಿ. ಮರುದಿನ ಬೆಳಿಗ್ಗೆಯೇ ಅಡುಗೆಮನೆಯ ಮೂಲೆಗೆ ಕಿವಿಯಿಟ್ಟು, “ಗೋಡೆಯೊಳಗ ಹಳ್ಳ!” ಎಂದು ಹಿಗ್ಗಿ, ಅಲ್ಲೇ ದೀಪ ಹಚ್ಚಿ ಕೈಮುಗಿದಿರಿ. ಅದು ಏನೆಂದು ಹೇಳಲು ನನಗೆ ಬಾಯಿ ಬರಲಿಲ್ಲ. ಮದುವೆಯ ದಿನ ಹೊಸ ಸೊಸೆ ಹಳ್ಳದ ನೀರು ತರಬೇಕೆಂದು ನನ್ನನ್ನು ಕರೆದುಕೊಂಡು ಹೋದವರು ನೀವು. “ಮೊದಲು ನೀರಿಗೆ ಕೈಮುಗಿ, ಆಮೇಲೆ ಮುಟ್ಟು” ಎಂದಿದ್ದಿರಿ.

ಅಷ್ಟರಲ್ಲಿ ಆ ಪುಣ್ಯಾತ್ಮ ಬಂದು, “ಅವ್ವೆ, ಅದು ಹಳ್ಳ ಅಲ್ಲ, ಮೇಲಿನ ಮನೆಯವರ ಕಕ್ಕಸು ಪೈಪು!” ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. ನೀವು ದೀಪ ಆರಿಸಿದಿರಿ. “ನಾ ಹಟ್ಟಿಗೆ ಹೋಗಿನೆ” ಎಂದು ಚೀಲ ತುಂಬಿಕೊಂಡು ಬಸ್ಸು ಹತ್ತಿದಿರಿ. ಈಗ ಫೋನೂ ಎತ್ತುವುದಿಲ್ಲ. ಹೆರಿಗೆ ಹತ್ತಿರ ಬಂತು, ನನಗೆ ಭಯವಾಗುತ್ತಿದೆ ಮಾಮಿ.

ನನ್ನ ಕೆಲಸವೇನೆಂದು ಕೇಳಿದಾಗಲೆಲ್ಲ “ನೀರಿನ ಕೆಲಸ” ಎನ್ನುತ್ತಿದ್ದೆನಲ್ಲ, ಅದು ಇದೇ. ಹದಿನಾಲ್ಕು ಮಹಡಿಯ ಈ ಕಟ್ಟಡದ ಕೊಳೆನೀರಿನ ಪೈಪುಗಳಿಗೆ ಅಳತೆ ಹಾಕಿದವಳು ನಾನು. ಒಂದೇ ಹೊತ್ತಿಗೆ ಎಷ್ಟು ಮನೆಯವರು ನೀರು ಬಿಡಬಹುದೆಂದು ಲೆಕ್ಕ ಹಾಕಿ ಪೈಪು ಎಷ್ಟು ಅಗಲ ಇರಬೇಕೆಂದು ಹೇಳಬೇಕು. ಪೈಪು ತುಂಬಿ ಹರಿಯಬಾರದು. ನೀರು ಸುತ್ತ ಅಂಚು ಹಿಡಿದು ಇಳಿಯಬೇಕು, ನಡುವೆ ಗಾಳಿಗೆ ಜಾಗ ಬೇಕು. ಇಲ್ಲದಿದ್ದರೆ ಕೆಳಗಿನ ಮನೆಗಳಲ್ಲಿ ಹೊಲಸು ಉಕ್ಕುತ್ತದೆ, ನಾತ ಒಳಗೆ ನುಗ್ಗುತ್ತದೆ. ನಮ್ಮದು ನೆಲಮಹಡಿ. ಇವತ್ತಿನವರೆಗೂ ಏನೂ ಉಕ್ಕಿಲ್ಲ.

ನೀವು ಹೋದಂದಿನಿಂದ ನಿಮ್ಮ ಮಗನ ಗಂಟಲಲ್ಲಿ ಅನ್ನ ಇಳಿಯುತ್ತಿಲ್ಲ. ಇಳಿಯದಿರಲಿ, ಸ್ವಲ್ಪ ದಿನ ಅನುಭವಿಸಲಿ.

ಕಟ್ಟಡ ಎದ್ದು ನಿಂತಾಗ ಎಲ್ಲರೂ ಬಾಲ್ಕನಿ ಹೊಗಳಿದರು, ಬಣ್ಣ ಹೊಗಳಿದರು. ಗೋಡೆಯೊಳಗೆ ನಾನು ಮಾಡಿದ್ದನ್ನು ಯಾರೂ ಕೇಳಲಿಲ್ಲ. ನೀವು ನಾಚಿಕೆ ಪಡುವಂಥದ್ದು ಏನೂ ಆಗಿಲ್ಲ ಮಾಮಿ. ನನ್ನ ಕೆಲಸಕ್ಕೆ ಕೈಮುಗಿದವರು ಈ ಲೋಕದಲ್ಲಿ ನೀವೊಬ್ಬರೇ.

ಬಂದುಬಿಡಿ. ನನ್ನ ತಲೆಯ ಮೇಲೂ ಬರಲಿರುವ ಪುಟ್ಟ ತಲೆಯ ಮೇಲೂ ಕೈಯಿಟ್ಟು ಹರಸಬೇಕು.

ತಲೆಬಾಗಿ ಕಾದಿರುವ
ನಿಮ್ಮ ಸೊಸೆ
ಸಿಂಧುಜಾ