ನಮ್ಮ ಬಯಲು ಖಾಲಿ ಇರಲಿಲ್ಲ, ನಿಮಗಾಗಿ ಖಾಲಿ ಮಾಡಿದ್ದೆವು

ಊರಿನ ಯಾವ ಜಾಗ ಯಾವುದಕ್ಕೆ ಎಂದು ತೀರ್ಮಾನಿಸುವ ಕುರ್ಚಿಯಲ್ಲಿ ಕುಳಿತಿರುವ ಮಾನ್ಯರೇ,

ಗಜೇಂದ್ರಗಡದ ನಮ್ಮ ಹಿರೇಬಾವಿ ಓಣಿಯ ಬಯಲಿಗೆ ನೀವು ತಂತಿ ಬೇಲಿ ಹಾಕಿಸಿದ್ದೀರಿ. ಬೇಲಿಯ ಮೇಲೆ ಒಂದು ಫಲಕ ತೂಗುಹಾಕಿಸಿದ್ದೀರಿ. 'ಬಳಕೆಯಲ್ಲಿಲ್ಲದ ಖಾಲಿ ಜಾಗದಲ್ಲಿ ವಾಹನ ನಿಲುಗಡೆ ಮತ್ತು ವಾಣಿಜ್ಯ ಮಳಿಗೆಗಳ ನಿರ್ಮಾಣ' ಎಂದು ಮೇಲಿನ ಸಾಲು. 'ಸ್ಥಳೀಯ ನಾಗರಿಕ ಸಂಸ್ಥೆಯ ಬೇಡಿಕೆಯ ಮೇರೆಗೆ' ಎಂದು ಕೆಳಗಿನ ಸಾಲು. ನಾನು ಹತ್ತನೆಯ ತರಗತಿಯವರೆಗೆ ಓದಿದವಳು. ಫಲಕ ಓದಲು ಅಷ್ಟು ಸಾಕು, ಅದರಲ್ಲಿರುವ ಎರಡೂ ಸಾಲು ಸುಳ್ಳು ಎಂದು ತಿಳಿಯಲು ಅಷ್ಟೂ ಬೇಕಿಲ್ಲ. ನಿಮ್ಮ ಕಚೇರಿಯಲ್ಲಿ ಹೇಳಿದ್ದು ನಿಮ್ಮ ಕಿವಿಗೆ ತಲುಪಲಿಲ್ಲವಾದ್ದರಿಂದ ಊರೆಲ್ಲ ಓದುವ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ಸೀರೆ ಮಗ್ಗದ ಮೇಲೆ ಶುರುವಾಗುತ್ತದೆ ಎಂದು ಸೀರೆ ಕೊಳ್ಳುವವರು ತಿಳಿದಿರುತ್ತಾರೆ. ನೀವೂ ಹಾಗೇ ತಿಳಿದಿರಬೇಕು. ಅದು ಶುರುವಾಗುವುದು ಬಯಲಿನಲ್ಲಿ. ಸೀರೆಯ ಉದ್ದಕ್ಕೆ ಬರುವ ಎಳೆಗಳನ್ನೆಲ್ಲ ಸೇರಿಸಿ ನಾವು ಹಾಸು ಎನ್ನುತ್ತೇವೆ. ಒಂದು ಹಾಸಿನಲ್ಲಿ ಹಲವು ಸೀರೆಗಳ ಉದ್ದ ಇರುತ್ತದೆ. ಅದನ್ನು ಬೇವಿನ ಮರದಿಂದ ಬಾವಿಯ ಕಟ್ಟೆಯವರೆಗೆ ನೇರವಾಗಿ ಬಿಗಿದು, ಗಂಜಿ ಹಚ್ಚಿ, ಎರಡೂ ಬದಿಗೆ ನಿಂತು ಎಳೆಗೆ ಎಳೆ ಅಂಟದಂತೆ ತಿಕ್ಕಿ ಒಣಗಿಸಬೇಕು. ಬಿಸಿಲು ಏರುವ ಮೊದಲು, ಗಾಳಿ ಏಳುವ ಮೊದಲು ಕೆಲಸ ಮುಗಿಯಬೇಕು. ಒಂದು ಮನೆಯ ಜನ ಸಾಲುವುದಿಲ್ಲ. ಇಂದು ವೀರಪ್ಪನವರ ಮನೆಯ ಹಾಸು, ನಾಳೆ ನಮ್ಮದು, ನಾಡಿದ್ದು ರಾಜಮಾಳದು. ಕೈ ಮಾತ್ರ ಓಣಿಯವರೆಲ್ಲರದು. ಗಂಜಿ ಒಣಗುವಷ್ಟರಲ್ಲಿ ಯಾರ ಮನೆಯಲ್ಲಿ ಜ್ವರ, ಯಾರ ಮಗಳಿಗೆ ವರ ಬಂದಿದ್ದಾನೆ, ಯಾರು ಯಾರೊಂದಿಗೆ ಮಾತು ಬಿಟ್ಟಿದ್ದಾರೆ ಎಂಬುದೆಲ್ಲ ತೀರ್ಮಾನವಾಗಿರುತ್ತದೆ. ಊಟದ ಹೊತ್ತಿಗೆ ಹಾಸು ಸುತ್ತಿ ಮನೆಯೊಳಗೆ ಹೋಗಿರುತ್ತದೆ. ಆಮೇಲೆ ಅಲ್ಲಿ ಮೆಣಸಿನಕಾಯಿ ಒಣಗುತ್ತದೆ, ಸಂಜೆ ಹುಡುಗರು ಆಡುತ್ತಾರೆ.

ಬಿಗಿದ ಹಾಸನ್ನು ನಮ್ಮಲ್ಲಿ ಯಾರೂ ದಾಟುವುದಿಲ್ಲ. ಮದುವೆಯ ದಿಬ್ಬಣವೇ ಬಂದರೂ ಬಾವಿಯನ್ನು ಸುತ್ತಿಕೊಂಡು ಹೋಗುತ್ತದೆ. ಇದನ್ನು ನಿಮಗೆ ಹೇಳಲು ಕಾರಣವಿದೆ. ನಮ್ಮ ಬಯಲು ನಮ್ಮ ಕೈತಪ್ಪಿದ್ದು ಈ ಮರ್ಯಾದೆಯಿಂದಲೇ.

ನಮ್ಮ ಓಣಿಯಲ್ಲಿ 'ಓಣಿ ಬಳಗ' ಎಂಬ ಸಂಸ್ಥೆ ಇದೆ. ನಿಮ್ಮ ಫಲಕದ ನಾಗರಿಕ ಸಂಸ್ಥೆ ಅದೇ. ಕಂಡಕ್ಟರ್ ಕೆಲಸದಿಂದ ನಿವೃತ್ತರಾದ ಉಮರ ಅದರ ಕಾರ್ಯದರ್ಶಿ, ನಾನು ಅಧ್ಯಕ್ಷೆ. ಸಂಬಳ ಇಬ್ಬರಿಗೂ ಇಲ್ಲ, ಜಗಳ ಇಬ್ಬರಿಗೂ ಇದೆ. ಬಸ್ಸು, ಬೀದಿ, ಬಾವಿ, ಬಯಲು ಇವು ನಮ್ಮ ವಿಷಯ. ರೋಣದ ಕಡೆಯಿಂದ ಬರುವ ಬಸ್ಸು ನಮ್ಮ ಬೇವಿನ ಮರದ ಮುಂದೆಯೇ ಹಾದುಹೋಗುತ್ತದೆ, ನಿಲ್ಲುವುದಿಲ್ಲ. ಸೀರೆಯ ಗಂಟು ಹೊತ್ತ ಹೆಂಗಸರು ನಿಲ್ದಾಣದವರೆಗೆ ಹೋಗಿ ಇಳಿದು, ಬಂದ ದಾರಿಯನ್ನೇ ತಿರುಗಿ ನಡೆಯಬೇಕು. ನಾವು ನಿಮಗೆ ಮನವಿ ಕೊಟ್ಟು ಕೇಳಿದ್ದು ಇಷ್ಟೇ: ಬೇವಿನ ಮರದ ಹತ್ತಿರ ಬಸ್ಸು ನಿಲ್ಲಲಿ. ಒಂದು ಕಂಬ, ಅದಕ್ಕೊಂದು ಹಲಗೆ. ಅಂಗೈ ಅಗಲದ ನೆಲವನ್ನೂ ನಾವು ಕೇಳಿರಲಿಲ್ಲ.

ನೀವು ಜಾಗ ನೋಡಲು ಇನ್ನು ಸ್ವಲ್ಪ ಹೊತ್ತಿನಲ್ಲೇ ಬರುತ್ತೀರಿ ಎಂದು ನಿಮ್ಮ ಸಿಪಾಯಿ ಬೆಳಿಗ್ಗೆ ಬಂದು ಹೇಳಿದ. ಅಂದು ವೀರಪ್ಪನವರ ಹಾಸು ಬಿಗಿದಾಗಿತ್ತು, ಗಂಜಿ ಅರ್ಧ ಹಚ್ಚಿಯಾಗಿತ್ತು. ಓಣಿಯಲ್ಲಿ ಗದ್ದಲ ಎದ್ದಿತು.

"ಸಾಹೇಬ್ರು ನಮ್ಮ ಓಣಿಗೆ ಬರಾಕ ಹತ್ಯಾರ. ಹಾಸು ದಾಟಬಾರ್ದಂತ ಅವರು ಕಳ್ಳರಂಗ ಗ್ವಾಡಿ ಬಾಜೂಕ ಬರೂದು ಚಂದೇನು? ಸುತ್ತಿ ಬಿಡೂಣು" ಎಂದರು ವೀರಪ್ಪ.

"ಹಸೀ ಗಂಜಿ ಐತಿ, ಈಗ ಸುತ್ತಿದ್ರ ಎಲ್ಲಾ ಅಂಟಿ ಹಗ್ಗ ಆಕ್ಕೈತಿ," ಎಂದಳು ರಾಜಮಾ.

"ಆಗ್ಲಿ ಬಿಡವಾ. ಒಂದು ಹಾಸು ಹೋದ್ರ ಹೋತು. ಬಸ್ ನಿಂತ್ರ ಓಣಿಗೆಲ್ಲಾ ಚಲೋ ಆಕ್ಕೈತಿ."

ವೀರಪ್ಪ ತಮ್ಮ ಕೈಯಾರೆ ಹಸಿ ಹಾಸನ್ನು ಸುತ್ತಿದರು. ಹೆಂಗಸರು ಬಯಲು ಗುಡಿಸಿದರು, ನೀರು ಚಿಮುಕಿಸಿದರು, ಬಾವಿಯ ಮುಂದೆ ರಂಗೋಲಿ ಹಾಕಿದರು. ನನ್ನ ಮನೆಯ ಕುರ್ಚಿಯನ್ನೇ ನಿಮಗಾಗಿ ತಂದಿಟ್ಟೆವು. ನೀವು ಮಧ್ಯಾಹ್ನ ಬಂದಿರಿ, ಚಹಾ ಕುಡಿದಿರಿ, ನಾಲ್ಕೂ ಮೂಲೆಯಿಂದ ಫೋಟೋ ತೆಗೆಸಿದಿರಿ. "ಬಹಳ ಸ್ವಚ್ಛವಾಗಿ ಇಟ್ಟಿದ್ದೀರಿ" ಎಂದು ಹೊಗಳಿದಿರಿ. ನಾವು ಹಿಗ್ಗಿದೆವು. ಆ ಫೋಟೋವೇ ಈಗ ಫಲಕದ ಮೇಲಿದೆ, ನಮ್ಮ ರಂಗೋಲಿಯ ಸಮೇತ. ಬಳಕೆಯಲ್ಲಿಲ್ಲದ ಜಾಗದಲ್ಲಿ ರಂಗೋಲಿ ತಾನಾಗಿ ಬೆಳೆಯುತ್ತದೆಯೇ ಸಾಹೇಬರೇ? ನಿಮ್ಮ ಸುತ್ತಲಿನ ಅಷ್ಟು ಜನ ಓದಿದವರಲ್ಲಿ ಒಬ್ಬರಿಗೂ ಈ ಪ್ರಶ್ನೆ ಹುಟ್ಟಲಿಲ್ಲವೇ?

ಬೇಲಿ ಹಾಕಿದ ಮರುದಿನ ಉಮರ ಮತ್ತು ನಾನು ನಿಮ್ಮ ಕಚೇರಿಗೆ ಬಂದೆವು. ನೀವು ಫೋಟೋವನ್ನು ನಮ್ಮ ಕಡೆ ತಿರುಗಿಸಿ, "ಅಮ್ಮಾ, ನೋಡಿ, ಇಲ್ಲಿ ಏನೂ ಇಲ್ಲವಲ್ಲ" ಎಂದಿರಿ.

"ಏನೂ ಇರಲಾರ್ದಂಗ ನಾವ ಮಾಡಿದ್ವಿ ಸಾಹೇಬ್ರ. ನೀವು ಬರ್ತೀರಿ ಅಂತ," ಎಂದೆ ನಾನು.

ನೀವು ನಕ್ಕಿರಿ. ತಮಾಷೆ ಮಾಡಿದೆ ಎಂದುಕೊಂಡಿರಬೇಕು. ಆಮೇಲೆ, ಮನೆಯ ಮಹಡಿಯ ಮೇಲೆ ಹಾಸಿಕೊಳ್ಳಬಹುದಲ್ಲ ಎಂದು ಸಲಹೆ ಕೊಟ್ಟಿರಿ.

"ನಮ್ಮುವು ಮಣ್ಣಿನ ಮ್ಯಾಳಿಗಿ ಮನಿ ಅದಾವ್ರಿ. ಹಾಸು ಬಿಗದ್ರ ಅರ್ಧ ಬಾಜೂ ಮನಿ ಮ್ಯಾಲ ಹೋಕ್ಕೈತಿ, ಉಳಿದರ್ಧ ಗಾಳ್ಯಾಗ ನಿಂದರ್ತೈತಿ," ಎಂದರು ಉಮರ.

"ಬಸ್ಸು ಬೇಕು ಎಂದವರು ನೀವೇ. ವಾಹನಕ್ಕೆ ಜಾಗ ಬೇಡವೇ?" ಎಂದಿರಿ ನೀವು.

ನೀರು ಕೇಳಿದವರ ಬಾವಿ ಮುಚ್ಚಿಸಿ, ಅದರ ಮೇಲೆ ನೀರಿನ ಬಾಟಲಿಯ ಅಂಗಡಿ ಇಡಿಸುವವರ ಮಾತು ಇದು. ನಮ್ಮ ಓಣಿಯಲ್ಲಿ ಕಾರು ಇಲ್ಲ. ನಿಲುಗಡೆ ಯಾರ ವಾಹನಕ್ಕೆ? ಮಳಿಗೆ ಯಾರಿಗೆ? ಇಷ್ಟೆಲ್ಲ ಆದ ಮೇಲೂ ಬಸ್ಸು ನಮ್ಮ ಬೇವಿನ ಮರದ ಹತ್ತಿರ ನಿಲ್ಲುವುದಿಲ್ಲ. ಕಂಬ ನೆಡುವುದನ್ನು ಮಾತ್ರ ನೀವು ಮರೆತಿದ್ದೀರಿ.

ಬಯಲು ಇಲ್ಲದೆ ಹೋದರೂ ಹಾಸು ಬಿಗಿಯಲೇಬೇಕಲ್ಲ. ಕಳೆದ ತಿಂಗಳು ನಮ್ಮ ಸರದಿ ಬಂದಾಗ ರೋಣದ ರಸ್ತೆಯ ಅಂಚಿಗೆ ಬಿಗಿದೆವು. ಬೇರೆ ನೇರವಾದ ನೆಲ ಉಳಿದಿರಲಿಲ್ಲ. ಪಟ್ಟೇದಂಚಿನ ಸೀರೆಗಳ ಹಾಸು ಅದು. ನನ್ನ ಸೊಸೆ ಬನಶ್ರೀ ಒಂದು ತುದಿಯಲ್ಲಿದ್ದಳು, ನಾನು ಇನ್ನೊಂದು ತುದಿಯಲ್ಲಿ. ಮೆಕ್ಕೆಜೋಳ ಹೇರಿಕೊಂಡ ಟ್ರ್ಯಾಕ್ಟರ್ ಒಂದು ಎದುರಿನ ವಾಹನಕ್ಕೆ ದಾರಿ ಬಿಡಲು ಅಂಚಿಗೆ ಇಳಿಯಿತು. ಬನಶ್ರೀ ಎರಡೂ ಕೈ ಅಗಲಿಸಿ ಹಾಸಿನ ಮುಂದೆ ಹೋಗಿ ನಿಂತಳು.

"ಸರೀ ಬನಶ್ರೀ, ಹೋದ್ರ ಹೋಗ್ಲಿ, ಸರೀ!" ಎಂದು ಕೂಗಿದೆ. ಅವಳು ಸರಿಯಲಿಲ್ಲ. ಟ್ರೇಲರ್‌ನ ಮೂಲೆ ಅವಳನ್ನು ಕೆಡವಿತು. ಹಾಸು ಹರಿಯಿತು, ಅವಳ ಬಲಗೈಯ ಮಣಿಕಟ್ಟು ಮುರಿಯಿತು.

"ರಸ್ತಾದಾಗ ಹಾಸಿ ಕುಂತೀರಿ, ರಸ್ತಾ ಏನ್ ನಿಮ್ಮಪ್ಪಂದೇನ್ರಿ?" ಎಂದು ಚಾಲಕ ಬೈದ. ಬೈಯುತ್ತಲೇ ಇಳಿದು ಬಂದು ಅವಳನ್ನು ಎಬ್ಬಿಸಲು ಕೈಕೊಟ್ಟ. ಅವನ ಮೇಲೆ ನನಗೆ ಸಿಟ್ಟಿಲ್ಲ. ರಸ್ತೆ ಅವನದೇ. ನಮ್ಮದು ಬೇಲಿಯ ಒಳಗಿತ್ತು.

ಅಷ್ಟರಲ್ಲಿ ರೋಣದ ಬಸ್ಸು ಬಂತು. ಉಮರ ರಸ್ತೆಗಿಳಿದು ಕೈ ಮಾಡಿದರು. ಬಸ್ಸಿನ ಚಾಲಕ ಅವರ ಹಳೆಯ ಜೊತೆಗಾರ. ವೇಗ ತಗ್ಗಿಸಿ, ತಲೆ ಹೊರಗೆ ಹಾಕಿ, "ಇಲ್ಲಿ ಸ್ಟಾಪ್ ಇಲ್ಲೋ ಉಮರಣ್ಣ, ಮೊನ್ನಿ ಒಮ್ಮಿ ನಿಂದ್ರಿಸಿ ಬೈಸ್ಕೊಂಡೀನಿ" ಎನ್ನುತ್ತ ಹೊರಟೇಹೋದ. ಬನಶ್ರೀ ಕೆಳಗೆ ಕುಳಿತದ್ದು ಅವನಿಗೆ ಕಾಣಲಿಲ್ಲವಂತೆ, ಆಮೇಲೆ ಬಂದು ಅತ್ತ. ದವಾಖಾನೆಗೆ ಅವಳನ್ನು ಒಯ್ದದ್ದು ಅದೇ ಟ್ರ್ಯಾಕ್ಟರ್, ಮೆಕ್ಕೆಜೋಳದ ಚೀಲಗಳ ಮೇಲೆ.

ಮೂಳೆ ಕೂಡುತ್ತದೆ, ಮೊದಲಿನ ಹಾಗೆ ಮಗ್ಗದಲ್ಲಿ ಲಾಳಿ ಎಸೆಯುವುದು ಕಷ್ಟ ಎಂದಿದ್ದಾರೆ ವೈದ್ಯರು. ನಮ್ಮ ಮನೆಯಲ್ಲಿ ಸೀರೆಗೆ ಅಂಚು ಕೂಡಿಸಿ ನೇಯುವ ಕೈ ಅವಳದು. ಅವಳ ಮಗ್ಗದ ಮೇಲೆ ಈಗ ಬಟ್ಟೆ ಮುಚ್ಚಿದ್ದೇವೆ. ನಿಮ್ಮ ಲೆಕ್ಕದಲ್ಲಿ ಅದೂ ಬಳಕೆಯಲ್ಲಿಲ್ಲದ ಖಾಲಿ ಜಾಗವೇ ಇರಬೇಕು. "ಅತ್ತಿ, ನೀವು ಸುಮ್ನ ನನ್ನ ಮಾರಿ ನೋಡ್ಬ್ಯಾಡ್ರಿ, ನಂಗ ಅಳು ಬರ್ತೈತಿ" ಎಂದು ಅವಳು ಹೇಳಿದಾಗ, ನಾನು ಎದ್ದು ಹೊರಗೆ ಹೋಗಿ ನಿಂತೆ. ನನ್ನ ಸೊಸೆಯ ಎದುರು ನಾನು ಅಳುವವಳಲ್ಲ. ನಿಮ್ಮ ಎದುರಂತೂ ಅಲ್ಲವೇ ಅಲ್ಲ.

ಇನ್ನು ನಿಮ್ಮ ಫಲಕದ ಕೆಳಗಿನ ಸಾಲು ಮಾಡಿದ ಕೆಲಸ ಕೇಳಿ. ಚಹಾದ ಅಂಗಡಿಯಲ್ಲಿ ಈಗ ಉಮರ ಕಂಡರೆ, "ಬರ್ರಿ ಕಂಡಕ್ಟರ್ ಸಾಹೇಬ್ರ, ಬಯಲಿಗೊಂದು ಟಿಕೀಟ್ ಹರೀರಿ" ಎನ್ನುತ್ತಾರೆ. ಒಂದು ಮಳಿಗೆ ಅವರಿಗೆಂದೇ ನಿಗದಿಯಾಗಿದೆ ಎಂಬ ಮಾತೂ ಹಬ್ಬಿದೆ. ಬೆಳಿಗ್ಗೆ ಒಟ್ಟಿಗೆ ಗಂಜಿ ಹಚ್ಚುತ್ತಿದ್ದ ಜನ ಈಗ ಎಲ್ಲಿ ಸೇರಬೇಕು, ಈ ಮಾತು ಸುಳ್ಳು ಎಂದು ಒಬ್ಬರಿಗೊಬ್ಬರು ಎಲ್ಲಿ ಹೇಳಿಕೊಳ್ಳಬೇಕು? ವೀರಪ್ಪ ಮತ್ತು ಉಮರ ಮಾತು ಬಿಟ್ಟಿದ್ದಾರೆ. ಬೇಲಿ ಹಾಕಿದ್ದು ನೀವು, ಅದಕ್ಕೆ ಕೊಟ್ಟ ಹೆಸರು ನಮ್ಮದು. ಈ ಜಾಣತನಕ್ಕೆ ಯಾವ ತರಬೇತಿ ಇದೆ ಎಂದು ತಿಳಿಯುವ ಆಸೆ ನನಗಿದೆ.

ಬೆಳಿಗ್ಗೆ ಮಾತ್ರ ಬಳಸುವ ನೆಲ ಖಾಲಿ ಎಂದಾದರೆ, ರೈಲು ಇಲ್ಲದ ಹೊತ್ತಿನಲ್ಲಿ ಹೊಳೆಆಲೂರಿನ ನಿಲ್ದಾಣವೂ ಖಾಲಿ. ವ್ಯಾಪಾರ ಮುಗಿದ ಮೇಲೆ ನರಗುಂದದ ಕಾಳಿನ ಪೇಟೆಯೂ ಖಾಲಿ. ಭಾನುವಾರ ನಿಮ್ಮ ಕಚೇರಿಯೂ ಖಾಲಿ. ಅಲ್ಲಿ ಯಾವಾಗ ಬೇಲಿ ಹಾಕಿಸುತ್ತೀರಿ? ಅಥವಾ, ಖಾಲಿ ಎಂಬ ಮಾತು ಮಣ್ಣಿನ ಮನೆಗಳ ಮುಂದಿನ ನೆಲಕ್ಕೆ ಮಾತ್ರ ಅನ್ವಯಿಸುತ್ತದೆಯೇ?

ಇದು ಮನವಿ ಅಲ್ಲ. ಮನವಿ ಮಾಡಿಯೇ ಬಯಲು ಕಳೆದುಕೊಂಡೆವು. ಸಿಮೆಂಟು ಸುರಿಯುವ ಮೊದಲು ಬೇಲಿ ತೆಗೆಸಿ. ಆ ನೆಲ ನೇಕಾರರ ಹಾಸಿನ ಬಯಲು ಎಂದು ನಿಮ್ಮ ನಕ್ಷೆಯಲ್ಲಿ ಬರೆಸಿ. ಫಲಕದ ಕೆಳಗಿನ ಸಾಲು ಅಳಿಸಿ, ಈ ಯೋಜನೆ ಓಣಿ ಬಳಗ ಕೇಳಿದ್ದಲ್ಲ ಎಂದು ಅಲ್ಲಿಯೇ ಬರೆಸಿ. ಬೇವಿನ ಮರದ ಹತ್ತಿರ ಆ ಒಂದು ಕಂಬ ನೆಡಿಸಿ. ಅದಕ್ಕೆ ಎಷ್ಟು ನೆಲ ಬೇಕು ಎಂಬುದು ನಿಮಗೆ ಹೊಳೆಯದಿದ್ದರೆ ಉಮರ ತೋರಿಸುತ್ತಾರೆ.

ಅಲ್ಲಿಯವರೆಗೆ ನಮಗೂ ಹೊಟ್ಟೆ ಇದೆ. ನೇರವಾದ, ವಾಹನ ನುಗ್ಗದ, ಬೆಳಗಿನ ಹೊತ್ತು ಯಾರೂ ಬಳಸದ ನೆಲ ಊರಿನಲ್ಲಿ ಇನ್ನೆಲ್ಲಿದೆ ಎಂದು ಹುಡುಕಿದೆವು. ಒಂದೇ ಒಂದು ಸಿಕ್ಕಿದೆ, ನಿಮ್ಮ ಕಚೇರಿಯ ಮುಂದಿನ ಅಂಗಳ. ಗೇಟಿನಿಂದ ಮೆಟ್ಟಿಲಿನವರೆಗೆ ಹಾಸಿನ ಉದ್ದಕ್ಕೆ ಸರಿಯಾಗಿದೆ. ಬರುವ ಸೋಮವಾರ ನಸುಕಿನಲ್ಲಿ ವೀರಪ್ಪನವರ ಹಾಸು ಅಲ್ಲಿ ಬಿಗಿಯುತ್ತೇವೆ. ಒಂದು ತುದಿ ವೀರಪ್ಪ ಹಿಡಿಯುತ್ತಾರೆ, ಇನ್ನೊಂದು ತುದಿ ಉಮರ ಹಿಡಿಯಬೇಕು ಎಂದು ನಾನು ಇಬ್ಬರಿಗೂ ಹೇಳಿಯಾಗಿದೆ. ಬೇಡ ಎನ್ನುವ ಧೈರ್ಯ ಇಬ್ಬರಿಗೂ ಬರಲಿಲ್ಲ. ಬನಶ್ರೀ ಎಡಗೈಯಲ್ಲಿ ಗಂಜಿಯ ಪಾತ್ರೆ ಹಿಡಿಯುತ್ತಾಳಂತೆ, ಬೇಡವೆಂದರೂ ಕೇಳುತ್ತಿಲ್ಲ. ಗಂಜಿ ಒಣಗುವವರೆಗೆ ಯಾರು ಬಂದರೂ ಸುತ್ತುವುದಿಲ್ಲ. ನಿಮ್ಮ ಜೀಪು ಹೊರಗೆ ನಿಲ್ಲಿಸಿ, ನಡೆದು ಬನ್ನಿ.

ಇಂತಿ,
ನಿಮ್ಮ ಫೋಟೋದಲ್ಲಿ ಕಾಣದಂತೆ ಬಾಗಿಲ ಹಿಂದೆ ಸರಿದು ನಿಂತಿದ್ದ,
ದ್ರಾಕ್ಷಾಯಣಿ
ಅಧ್ಯಕ್ಷೆ, ಓಣಿ ಬಳಗ (ಬೇಡದ್ದನ್ನು ಬೇಡಿದ ಖ್ಯಾತಿಯ ಸಂಸ್ಥೆ)
ಹಿರೇಬಾವಿ ಓಣಿ, ಗಜೇಂದ್ರಗಡ