ಹಡಗಿನ ಬಾಗಿಲ ಬಿಲ್ಲೆ

ಅತ್ತೆ,

ಹಾಲು ಕಾಯಿಸಿಟ್ಟಿದ್ದೇನೆ. ಬಿ.ಪಿ. ಮಾತ್ರೆ ನಿಮ್ಮ ಕನ್ನಡಕದ ಪಕ್ಕದಲ್ಲೇ ಇದೆ, ಕಾಣಲಿಲ್ಲ ಅನ್ನಬೇಡಿ.

ಕೆಲಸ ಮುಗಿಸಿ ಟ್ರಾವೆಲ್ ಆಫೀಸಿಗೆ ಹೋಗಿ ಬರುತ್ತೇನೆ. ನಿಮ್ಮ ಮಗ ಸಾಯುವ ಮೊದಲು ಬರೆದಿಟ್ಟ ಆರ್ಕ್ಟಿಕ್ ದಾರಿಯಲ್ಲಿ ಒಬ್ಬಳೇ ಹೋಗುತ್ತೇನೆಂದು ತಿಂಗಳಿಂದ ಹಟ ಹಿಡಿದಿದ್ದೆ. "ಅವನೂ ಒಬ್ಬನೇ ಬೆಟ್ಟ ಹತ್ತೋಕೆ ಹೋದ. ಬಿದ್ದು ಮೂರು ದಿನ ಆದ್ರೂ ಯಾರಿಗೂ ಗೊತ್ತಾಗ್ಲಿಲ್ಲ ಕಣೇ" ಅಂದಿರಿ. ನಾನು ಎದ್ದು ರೂಮಿನ ಬಾಗಿಲು ಹಾಕಿಕೊಂಡೆ.

ನಿನ್ನೆ ಆ ಆಫೀಸಿನವರು ಒಂದು ವಿಡಿಯೊ ತೋರಿಸಿದರು. ಹತ್ತು ಮಹಡಿ ಎತ್ತರದ ನೀಲಿ ಹಿಮದ ಗೋಡೆ. ಅದರಿಂದ ಒಂದು ತುಂಡು ಕಳಚಿ ಬಿತ್ತು. ಸದ್ದು ಆಮೇಲೆ ಬಂತು. ಎಷ್ಟೋ ದಿನಗಳ ಮೇಲೆ ನನ್ನ ಮೈ ಜುಮ್ಮೆಂದಿತು. ಅದರ ಮುಂದೆ ನಿಂತ ಜನ ಸಾಸಿವೆ ಕಾಳಿನಷ್ಟಿದ್ದರು.

ಅವರು ಬಂದ ಹಡಗಿನ ಬಾಗಿಲಲ್ಲಿ ಒಂದು ಹಲಗೆಯಿದೆ, ಅದರ ಮೇಲೆ ತಲೆಗೊಂದು ನಂಬರಿನ ಬಿಲ್ಲೆ. ಇಳಿಯುವಾಗ ಅದನ್ನು ಕೆಂಪು ಮಗ್ಗುಲಿಗೆ ತಿರುಗಿಸಬೇಕು, ವಾಪಸು ಬಂದ ಮೇಲೆ ಬಿಳಿಗೆ. ಒಂದೇ ಒಂದು ಬಿಲ್ಲೆ ಕೆಂಪಾಗಿ ಉಳಿದರೂ ಹಡಗು ಹೊರಡುವುದಿಲ್ಲವಂತೆ. ಅಂಥ ಹಿಮದ ನಡುವೆ, ಅಷ್ಟು ದೊಡ್ಡ ಹಡಗು ಒಂದು ಸಾಸಿವೆ ಕಾಳಿಗಾಗಿ ಕಾಯುತ್ತದೆ.

ಗುಂಪಿನ ಜೊತೆಗೇ ಹೋಗುತ್ತೇನೆ. ಗೆದ್ದೆ ಅಂತ ನಿಮ್ಮ ತಂಗಿಗೆ ಫೋನ್ ಮಾಡಬೇಡಿ.

ಊಟ ಮಾಡಿ ಮಲಗಿ ಎಂದರೆ ನೀವು ಕೇಳುವವರಲ್ಲ. ಬಾಗಿಲ ಪಕ್ಕದ ಮೊಳೆಗೆ ನನ್ನ ಬೀಗದ ಕೈ ಬೀಳುವವರೆಗೆ ಹಾಲ್‌ನ ದೀಪ ಆರಿಸುವುದಿಲ್ಲ. ಇಷ್ಟು ದಿನ ಅದನ್ನು ಕಾವಲು ಅಂದುಕೊಂಡು ಸಿಡುಕುತ್ತಿದ್ದೆ.

ಎಂಟು ಗಂಟೆಗೆ ಬಂದಿರುತ್ತೇನೆ.